ವಖಾರಿ, ಕೇರಿ ಮತ್ತು ವಿಶ್ವವಿದ್ಯಾಲಯ

ವಿಶ್ವವಿದ್ಯಾಲಯಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕಟ್ಟಡದಿಂದ ಸುರು ಮಾಡುತ್ತಾರೆ. ಕಾಯ್ದೆ ಆದದ್ದು ಯಾವಾಗ, ಮೊದಲ ಕುಲಪತಿ ಯಾರು, ಎಷ್ಟು ಎಕರೆ ಜಮೀನು, ಎಷ್ಟು ವಿಭಾಗ, ಎಷ್ಟು ಘಟಿಕೋತ್ಸವ. ಈ ಲೆಕ್ಕಕ್ಕೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳು ಸಿಗುವುದೇ ಇಲ್ಲ. 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡದಲ್ಲಿ. 1962ರ ಶಿವಾಜಿ ವಿದ್ಯಾಪೀಠ ಕೊಲ್ಲಾಪುರದಲ್ಲಿ. 2010ರ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬೆಳಗಾವಿಯ ಮಗ್ಗುಲಲ್ಲಿ. ನಮ್ಮ ಮಕ್ಕಳು ಬಸ್ಸು ಹತ್ತಿ ಅತ್ತ ಹೋಗುತ್ತಾರೆ, ಕಾಗವಾಡದ ಕಡೆಯವರು ಮಿರಜಕ್ಕೆ ಇಳಿಯುತ್ತಾರೆ. ವಿದ್ಯೆ ಎಂಬುದು ಬೇರೆ ಊರಿನಲ್ಲಿರುವ ವಸ್ತು ಎಂದೇ ಇಲ್ಲಿಯವರು ತಿಳಿದುಕೊಂಡು ಬಂದಿದ್ದಾರೆ.

ಆದರೆ ಪ್ರಶ್ನೆಯನ್ನು ತಿರುಗಿಸಿ ಕೇಳಿ ನೋಡಿ. ಕಲಿಸುವ ಮಂದಿ ತರಗತಿಯ ಹೊಸ್ತಿಲು ದಾಟಿ ಕೇರಿಗೆ ಹೋಗುವುದನ್ನು ಎಲ್ಲಿ ಕಲಿತರು? ಹೋದವರನ್ನು ತಿದ್ದಿದವರು ಯಾರು? ಆಗ ಈ ಐದು ತಾಲೂಕುಗಳಿಗೆ ನೂರು ವರ್ಷಕ್ಕೂ ಮಿಕ್ಕಿದ ಒಂದು ಚರಿತ್ರೆ ಕಾಣಿಸುತ್ತದೆ. ಅದನ್ನು ವಿಶ್ವವಿದ್ಯಾಲಯದ ಚರಿತ್ರೆ ಎಂದು ಯಾರೂ ಕರೆದಿಲ್ಲ. ಇಂದು ದೆಹಲಿಯ ಯುಜಿಸಿ 'ಸಮುದಾಯದೊಂದಿಗೆ ಬೆರೆತು ಬೋಧಿಸಿ, ಸಂಶೋಧಿಸಿ' ಎಂದು ಅಧ್ಯಾಪಕರಿಗೆ ಮಾರ್ಗಸೂಚಿ ಕಳಿಸುತ್ತಿರುವಾಗ ಈ ಚರಿತ್ರೆಯನ್ನು ಬರೆದಿಡುವುದು ನಮಗೆ ಜರೂರಾಗಿದೆ. ಇಲ್ಲವಾದರೆ ನಮ್ಮ ಕೇರಿಗಳಲ್ಲಿ ನಡೆದದ್ದನ್ನೇ ನಾಳೆ ನಮಗೆ ಹೊಸದೆಂದು ಕಲಿಸಲು ಬರುತ್ತಾರೆ.

ನನ್ನ ಆಯಿ ನಿಪ್ಪಾಣಿಯ ಜರ್ದಾ ವಖಾರಿಯಲ್ಲಿ ದುಡಿದವಳು. ತಂಬಾಕನ್ನು ಬಡಿದು, ಕುಟ್ಟಿ, ಜರಡಿ ಹಿಡಿದು ಬೀಡಿಯ ಜರ್ದಾ ಮಾಡುವುದು ಅಲ್ಲಿಯ ಕೆಲಸ. ಸಂಜೆ ಮನೆಗೆ ಬಂದರೆ ಹುಬ್ಬು, ರೆಪ್ಪೆ, ಮೂಗಿನ ಹೊಳ್ಳೆ ಎಲ್ಲ ಕಂದು ಬಣ್ಣ. ಅವಳ ಸೆರಗು ಹಿಡಿದರೆ ನಮಗೆ ಸೀನು ಬರುತ್ತಿತ್ತು. ಒಂದು ದಿನ ಯಾರೋ ಓದಿದವರು ಬಂದರು, ಕೇರಿಯ ಕಟ್ಟೆಯ ಮೇಲೆ ಕೂತು ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದರು: ಕೂಲಿ ಎಷ್ಟು, ಮಕ್ಕಳೆಷ್ಟು, ಕೆಮ್ಮು ಎಷ್ಟು ದಿನದಿಂದ. ಬರಕೊಂಡರು. ಫೋಟೋ ತೆಗೆದರು. ಚಹಾ ಕುಡಿಯಲಿಲ್ಲ. ಮತ್ತೆ ಬರಲಿಲ್ಲ. ಆಯಿ ಸಾಯುವತನಕ ಆ ಮಾತು ಎತ್ತುತ್ತಿದ್ದಳು. 'ಬರಕೊಂಡ ಹೋದ್ರಪಾ. ಏನ ಬರದ್ರೋ, ಯಾರಿಗಿ ಓದಿ ಹೇಳಿದ್ರೋ.' ಅವರು ಯಾವ ಸಂಸ್ಥೆಯವರು ಎಂಬುದು ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಇಲ್ಲಿ ಹೇಳುವ ಅಗತ್ಯವಿಲ್ಲ. ಅಂಥವರು ಪ್ರತಿ ಕೇರಿಗೂ ಬಂದಿದ್ದಾರೆ. ನಾನೂ ಒಮ್ಮೆ ಅಂಥವನೇ ಆಗಿ ಹೋಗಿದ್ದೆ. ಅದನ್ನು ಮುಂದೆ ಹೇಳುತ್ತೇನೆ.

ಚರಿತ್ರೆಯನ್ನು ಹಿಂದಿನಿಂದ ಹಿಡಿಯೋಣ. ರಾಯಬಾಗ 1949ರವರೆಗೆ ಕೊಲ್ಲಾಪುರ ಸಂಸ್ಥಾನದ್ದು. ಬೆಳಗಾವಿ ಜಿಲ್ಲೆಯ ಬಹುಭಾಗ ಬ್ರಿಟಿಷರ ಮುಂಬಯಿ ಇಲಾಖೆಯಲ್ಲಿದ್ದಾಗ, ಇಲ್ಲಿ ನಡೆಯುತ್ತಿದ್ದದ್ದು ಶಾಹೂ ಮಹಾರಾಜರ ಹುಕುಮು. 1902ರಲ್ಲಿ ಸರ್ಕಾರಿ ನೌಕರಿಯ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟ ಆಜ್ಞೆ, 1917ರ ಕಡ್ಡಾಯ ಪ್ರಾಥಮಿಕ ಶಿಕ್ಷಣ, 1919ರಲ್ಲಿ ಅಸ್ಪೃಶ್ಯರ ಬೇರೆ ಶಾಲೆಗಳನ್ನು ಮುಚ್ಚಿ ಎಲ್ಲ ಮಕ್ಕಳನ್ನೂ ಒಂದೇ ಶಾಲೆಯಲ್ಲಿ ಕೂಡಿಸಬೇಕೆಂಬ ಅಪ್ಪಣೆ, 1920ರಲ್ಲಿ ಜೋಗತಿ-ದೇವದಾಸಿ ಪದ್ಧತಿಯ ವಿರುದ್ಧ ಕಾನೂನು. ಇವೆಲ್ಲ ರಾಯಬಾಗದ ಚರಿತ್ರೆಯೂ ಹೌದು. ಮುಂಬಯಿ ಸರ್ಕಾರಕ್ಕೆ ದೇವದಾಸಿ ಕಾಯ್ದೆ ಮಾಡಲು 1934ರವರೆಗೆ ಬೇಕಾಯಿತು. ಹುಕುಮು ಕಾಗದದಿಂದ ಇಳಿದು ಕೇರಿಗೆ ಎಷ್ಟು ಬಂತು ಎಂಬುದು ಬೇರೆ ಮಾತು. ಚಿಂಚಲಿ ಮಾಯಕ್ಕನ ಜಾತ್ರೆಯ ದಾರಿಯಲ್ಲಿ ಮುತ್ತು ಕಟ್ಟಿಸಿಕೊಂಡವರನ್ನು ನೋಡಿ ಬೆಳೆದ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ರಾಯಬಾಗದ ಪದವಿ ತರಗತಿಯಲ್ಲಿ ಕೂತ ಹುಡುಗನಿಗೆ ಮೀಸಲಾತಿಯ ಚರಿತ್ರೆ 1950ರ ಸಂವಿಧಾನದಿಂದ ಸುರುವಾಗುತ್ತದೆಯೇ ಹೊರತು ಅವನ ತಾಲೂಕಿನ ಕಚೇರಿಯಿಂದ ಅಲ್ಲ. ಪಠ್ಯ ಬರೆಯುವವರ ನಕಾಶೆಯಲ್ಲಿ ರಾಯಬಾಗ ಇಲ್ಲ.

ಆಗಿನ ಕಾಲದಲ್ಲೇ ಒಬ್ಬ ಪ್ರಾಧ್ಯಾಪಕ ಈ ಸೀಮೆಗೆ ಬಂದ. ಡಾ. ಅಂಬೇಡ್ಕರ್ ಅವರನ್ನು ನಾವು ನಾಯಕ, ಸಂವಿಧಾನಶಿಲ್ಪಿ ಎಂದು ನೆನೆಯುತ್ತೇವೆ. ಮೇಷ್ಟ್ರು ಎಂಬುದನ್ನು ಮರೆಯುತ್ತೇವೆ. 1918ರಿಂದ 1920ರವರೆಗೆ ಅವರು ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರು. ಅದೇ 1920ರ ಮಾರ್ಚಿನಲ್ಲಿ ಕೊಲ್ಲಾಪುರ ಸೀಮೆಯ ಮಾಣಗಾಂವದ ಪರಿಷತ್ತಿನಲ್ಲಿ ಅಧ್ಯಕ್ಷರಾಗಿ ಕೂತರು, ಶಾಹೂ ಮಹಾರಾಜರು ಅಲ್ಲಿಗೆ ಬಂದರು. ಐದು ವರ್ಷದ ಮೇಲೆ, 1925ರ ಏಪ್ರಿಲ್ 10 ಮತ್ತು 11ರಂದು, ಮುಂಬಯಿ ಇಲಾಖೆಯ ಬಹಿಷ್ಕೃತರ ಪ್ರಾಂತಿಕ ಪರಿಷತ್ತು ನಿಪ್ಪಾಣಿಯಲ್ಲಿ ಸೇರಿತು. ಅಧ್ಯಕ್ಷರು ಅವರೇ. ಕೊಲಂಬಿಯಾದಲ್ಲಿ ಜಾನ್ ಡ್ಯೂಯಿಯ ಪಾಠ ಕೇಳಿ, ಲಂಡನ್ನಿನಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಪ್ರಬಂಧ ಬರೆದು ಬಂದ ಮನುಷ್ಯ ತಂಬಾಕಿನ ಪೇಟೆಯಲ್ಲಿ ಓದು ಬಾರದ ಜನರ ಮುಂದೆ ನಿಂತಿದ್ದ. 2025ರಲ್ಲಿ ನಿಪ್ಪಾಣಿ ಆ ಭೇಟಿಯ ನೂರನೇ ವರ್ಷವನ್ನು ಆಚರಿಸಿತು. ಮೆರವಣಿಗೆ, ಭಾಷಣ ಎಲ್ಲ ಸರಿ. ನನಗೆ ಮುಖ್ಯವಾಗಿ ಕಾಣುವುದು ಆ ಪರಿಷತ್ತಿನ ಆಚೀಚೆಯ ವರ್ಷಗಳು.

1924ರ ಆಗಸ್ಟಿನಲ್ಲಿ, ಅಂದರೆ ನಿಪ್ಪಾಣಿಗೆ ಬರುವ ಎಂಟು ತಿಂಗಳ ಮೊದಲು, ಮುಂಬಯಿ ವಿಶ್ವವಿದ್ಯಾಲಯದ ಸುಧಾರಣೆಗೆಂದು ನೇಮಿಸಿದ್ದ ಸಮಿತಿಗೆ ಅಂಬೇಡ್ಕರ್ ಲಿಖಿತ ಉತ್ತರ ಕೊಟ್ಟಿದ್ದರು. ಪರೀಕ್ಷೆ ನಡೆಸಿ ಪದವಿ ಹಂಚುವ ಯಂತ್ರವಾಗಿ ಉಳಿದರೆ ಅದು ವಿಶ್ವವಿದ್ಯಾಲಯವಲ್ಲ, ಕಲಿಸುವವನೇ ಶೋಧಿಸಬೇಕು, ಶೋಧಿಸುವವನೇ ಕಲಿಸಬೇಕು ಎಂಬುದು ಅದರ ಸಾರ. 1927ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ವಿಶ್ವವಿದ್ಯಾಲಯದ ಮಸೂದೆ ಬಂದಾಗ ಇನ್ನೂ ಮುಂದೆ ಹೋದರು: ಸೆನೆಟ್ಟಿನಲ್ಲಿ ಹಿಂದುಳಿದವರ ಪ್ರತಿನಿಧಿಗಳಿರಬೇಕು, ಯಾಕೆಂದರೆ ಯಾರಿಗೆ ಶಿಕ್ಷಣ ಸಿಕ್ಕಿಲ್ಲವೋ ಅವರ ಅಗತ್ಯ ಶಿಕ್ಷಣ ಸಿಕ್ಕವರಿಗೆ ತಾನಾಗಿ ತಿಳಿಯುವುದಿಲ್ಲ. ಈ ಎರಡು ಮಾತಿನ ನಡುವೆ ನಿಪ್ಪಾಣಿ ಇದೆ. ನಿಪ್ಪಾಣಿಯೇ ಅವರಿಗೆ ಇದನ್ನು ಕಲಿಸಿತು ಎಂದು ನಾನು ಹೇಳಲಾರೆ. ಅದಕ್ಕೆ ಕಾಗದದ ಆಧಾರ ಬೇಕು. ಆದರೆ ಸಮಿತಿಯ ಮೇಜಿಗೂ ಪರಿಷತ್ತಿನ ಮಂಟಪಕ್ಕೂ ಒಬ್ಬನೇ ಮನುಷ್ಯ ನಡುವೆ ತಿರುಗಾಡುತ್ತಿದ್ದ ಎಂಬುದಂತೂ ದಾಖಲೆ.

ಆ ತಿರುಗಾಟದಿಂದ ಉಳಿದ ಗಟ್ಟಿ ವಸ್ತುವೆಂದರೆ ವಸತಿನಿಲಯ. 1924ರ ಜುಲೈಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆ, 1925ರ ಜನವರಿಯಲ್ಲಿ ಸೊಲ್ಲಾಪುರದಲ್ಲಿ ಅದರ ಬೋರ್ಡಿಂಗು, 1929ರಲ್ಲಿ ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳ ಬೋರ್ಡಿಂಗು. ಧಾರವಾಡದ್ದನ್ನು ನೋಡಿಕೊಂಡವರು ಬಳವಂತರಾವ್ ವರಾಳೆ, ಬಾಬಾಸಾಹೇಬರ ಆಪ್ತರು. ನಿಪ್ಪಾಣಿಯಲ್ಲೇ ಹುಟ್ಟಿದ ಅವರ ಮೊಮ್ಮಗ ಪ್ರಸನ್ನ ವರಾಳೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿ, 2024ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಒಂದು ಬೋರ್ಡಿಂಗಿನ ಅನ್ನ ಎಲ್ಲಿಯವರೆಗೆ ನಡೆಯುತ್ತದೆ ನೋಡಿ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಧಾರವಾಡದಲ್ಲಿ ನಮ್ಮ ಹುಡುಗರು ರೊಟ್ಟಿ ತಿಂದು ಓದುತ್ತಿದ್ದರು. ಆದರೆ ಧಾರವಾಡದ ವಿದ್ಯಾಚರಿತ್ರೆ ಎಂದ ಕೂಡಲೇ ನಮಗೆ ಹೇಳಿಕೊಡುವ ಹೆಸರುಗಳು ಬೇರೆ.

ಸ್ವಾತಂತ್ರ್ಯ ಬಂತು, ಭಾಷಾವಾರು ಪ್ರಾಂತ್ಯ ಬಂತು, ಜಗಳವೂ ಬಂತು. ನಿಪ್ಪಾಣಿ ಯಾರದು ಎಂದು ಎರಡು ರಾಜ್ಯಗಳು ಕಚ್ಚಾಡಿದವು, ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಇಂದಿಗೂ ಅದು ಮುಗಿದಿಲ್ಲ. ನಿಪ್ಪಾಣಿ ನಮ್ಮದು ಎಂದು ಬೋರ್ಡಿಗೆ ಮಸಿ ಬಳಿದವರು ಎರಡೂ ಕಡೆ ಇದ್ದರು. ವಖಾರಿಯ ಹೆಂಗಸರು ನಮ್ಮವರು ಅಂತ ಆಗ ಯಾರೂ ಬೋರ್ಡು ಹಾಕಲಿಲ್ಲ. ಅವರ ಮಾತೇ ಎರಡು ಭಾಷೆಯ ಮಿಶ್ರಣ: ಒಂದು ವಾಕ್ಯ ಕನ್ನಡದಲ್ಲಿ ಹುಟ್ಟಿ ಮರಾಠಿಯಲ್ಲಿ ಮುಗಿಯುತ್ತದೆ. ಇದು ಸಂಶೋಧನೆಗೂ ತಟ್ಟಿತು. ಧಾರವಾಡದ ಕಡೆಯಿಂದ ನೋಡಿದರೆ ನಿಪ್ಪಾಣಿ ಮರಾಠಿಯವರ ಊರು; ಕೊಲ್ಲಾಪುರದ ಕಡೆಯಿಂದ ನೋಡಿದರೆ ಕರ್ನಾಟಕದ್ದು. ನಿಪ್ಪಾಣಿಯ ಮಗ್ಗುಲಲ್ಲೇ ಇರುವ ಅರ್ಜುನನಗರದ ದೇವಚಂದ ಕಾಲೇಜು ಗಡಿಯ ಆಚೆ, ಕಾಗಲ ತಾಲೂಕಿನಲ್ಲಿದೆ. ವಿದ್ಯಾಪೀಠ ಕೊಲ್ಲಾಪುರದ್ದು, ಓದುವ ಮಕ್ಕಳಲ್ಲಿ ಬಹಳ ಮಂದಿ ಈಚೆಯವರು. ಹೀಗೆ ಎರಡು ವಿಶ್ವವಿದ್ಯಾಲಯಗಳ ನಡುವಿನ ಕಾಲುದಾರಿಯಲ್ಲಿ ನಮ್ಮ ಜನ ಇದ್ದರು.

ಹಾಗಾದರೆ ಕೆಲಸ ಮಾಡಿದವರು ಯಾರು? ನಿಪ್ಪಾಣಿಯಲ್ಲಿ ಹೆಸರಿನ ಹಿಂದೆ 'ಪ್ರಾ.' ಎಂದು ಬರೆಯುವ ರೂಢಿ ಇದೆ, ಪ್ರಾಧ್ಯಾಪಕ ಅಂತ. ಆ ಎರಡಕ್ಷರ ಹೊತ್ತ ಕೆಲವರು ಸಂಜೆ ವಖಾರಿಗಳ ಓಣಿಗೆ ಹೋಗುತ್ತಿದ್ದರು. ಪ್ರಾ. ಸುಭಾಷ ಜೋಶಿಯವರ ಜೊತೆ ಸೇರಿ ಹೆಂಗಸರು ಚಿಕೋಡಿ ತಾಲೂಕಾ ಕಾಮಗಾರ ಮಹಾಸಂಘ ಕಟ್ಟಿದರು. ಅದು 1980ರ ಆಸುಪಾಸು. ದಲಿತರು, ಮುಸಲ್ಮಾನರು, ಬಡ ಮರಾಠರು, ದೇವದಾಸಿಯರು ಒಂದೇ ಪಾವತಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದರು. ಮಾಲಕರ ಬೈಗುಳ, ಮುಕಾದಮನ ಕೈ, ಗಡಿಯಾರವಿಲ್ಲದ ದುಡಿಮೆ, ಒಂದು ಮಾತಿಗೆ ಗೇಟಿನಿಂದ ಹೊರಗೆ ಹಾಕುವುದು, ಇವನ್ನೆಲ್ಲ ಅವರು ಮೊದಲಬಾರಿಗೆ ಗುಂಪಾಗಿ ಹೇಳಿಕೊಂಡದ್ದು ಆ ಸಭೆಗಳಲ್ಲಿ. ನಾನು ಗಮನಿಸಬೇಕೆನ್ನುವುದು ಇದನ್ನು: ಪ್ರಾಧ್ಯಾಪಕರಿಗೆ ಕಾರ್ಮಿಕ ಕಾಯ್ದೆ ಗೊತ್ತಿತ್ತು, ಜರ್ದಾದ ಧೂಳು ಗೊತ್ತಿರಲಿಲ್ಲ. ಯಾವ ಜರಡಿಯಲ್ಲಿ ಎಷ್ಟು ಧೂಳು, ಯಾವ ದರ್ಜೆಯ ಮಾಲಿಗೆ ಎಷ್ಟು ಹೊತ್ತು, ತೂಕದಲ್ಲಿ ಎಲ್ಲಿ ಮೋಸ, ಇದು ಹೆಂಗಸರ ವಿದ್ಯೆ. ಬೇಡಿಕೆಯ ಪಟ್ಟಿ ಆದದ್ದು ಈ ಎರಡೂ ಕೂಡಿದಾಗ.

1981ರಲ್ಲಿ ತಂಬಾಕಿನ ದರಕ್ಕಾಗಿ ಶರದ ಜೋಶಿಯವರ ನೇತೃತ್ವದಲ್ಲಿ ರೈತರು ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಕೂತರು. ಮೂರು ವಾರ ದಾಟಿದ ಮೇಲೆ ಏಪ್ರಿಲ್ 6ರಂದು ಗೋಲಿಬಾರಾಯಿತು, ಹನ್ನೆರಡು ರೈತರು ಸತ್ತರು. ವಖಾರಿಯ ಹೆಣ್ಣುಮಕ್ಕಳು ಆ ರೈತರ ಬೆನ್ನಿಗೆ ನಿಂತಿದ್ದರು. ಹೊಲ ಇದ್ದವನ ಹೋರಾಟಕ್ಕೆ ಹೊಲ ಇಲ್ಲದವಳು ಹೋದದ್ದು, ಮರಳಿ ಅವಳ ಕೂಲಿಯ ಹೋರಾಟಕ್ಕೆ ಹೊಲದವನು ಎಷ್ಟು ಬಂದ ಎಂಬುದು, ಇನ್ನೂ ಯಾರೂ ಕನ್ನಡದಲ್ಲಿ ಸರಿಯಾಗಿ ಕೂತು ಬರೆಯದ ಅಧ್ಯಾಯ. ನಮ್ಮ ರೈತ ಚಳವಳಿಯ ಚರಿತ್ರೆ ನರಗುಂದ-ನವಲಗುಂದದಿಂದ ಹೊರಡುತ್ತದೆ. ನಿಪ್ಪಾಣಿಯನ್ನು ಒಂದು ಸಾಲಿನಲ್ಲಿ ಮುಗಿಸುತ್ತದೆ.

ಅದೇ ಹೊತ್ತಿಗೆ ಹೊರಗಿನಿಂದ ಇಬ್ಬಗೆಯ ಜನ ಬಂದರು. ಒಂದು, ಬೆಂಗಳೂರಿನಲ್ಲಿ ದೀಪಾ ಧನರಾಜ್ ಮತ್ತು ಗೆಳೆಯರು ಕಟ್ಟಿದ್ದ 'ಯುಗಾಂತರ' ಎಂಬ ಚಲನಚಿತ್ರ ತಂಡ. ಅವರು ವಖಾರಿಯ ಹೆಂಗಸರ ಜೊತೆ ತಿಂಗಳುಗಟ್ಟಲೆ ಇದ್ದು, ಏನು ತೋರಿಸಬೇಕು, ಹೇಗೆ ತೋರಿಸಬೇಕು ಎಂಬುದನ್ನು ಅವರೊಂದಿಗೇ ಚರ್ಚಿಸಿ 1982ರಲ್ಲಿ 'ತಂಬಾಕು ಚಾಕಿಲ ಊಬ ಆಲಿ' ಎಂಬ ಚಿತ್ರ ತೆಗೆದರು. ಅದುವರೆಗೆ ಕ್ಯಾಮೆರಾ ಕಾಣದ ವಖಾರಿಯ ಒಳಗು ಆ ಚಿತ್ರದಲ್ಲಿದೆ. ಇನ್ನೊಬ್ಬರು ಛಾಯಾ ದಾತಾರ. ಮುಂಬಯಿಯ ಸ್ತ್ರೀಮುಕ್ತಿ ಚಳವಳಿಯಿಂದ ಬಂದವರು, ಹಾಲೆಂಡಿನ ಹೇಗ್ ನಗರದ ಸಂಸ್ಥೆಯೊಂದರ ವಿದ್ಯಾರ್ಥಿಯಾಗಿ ನಿಪ್ಪಾಣಿಯ ಕಾರ್ಮಿಕ ಹೆಂಗಸರ ಅಧ್ಯಯನ ಮಾಡಿದರು. ಅದು 1989ರಲ್ಲಿ ದೆಹಲಿಯ ಕಾಳಿ ಪ್ರಕಾಶನದಿಂದ ಇಂಗ್ಲಿಷ್ ಪುಸ್ತಕವಾಗಿ ಬಂತು. ಮುಂದೆ ಅವರು ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಸ್ತ್ರೀ ಅಧ್ಯಯನ ಕಲಿಸಿದರು. ಅಂದರೆ ಅಲ್ಲಿಯ ಒಂದು ತರಗತಿಯ ಪಾಠ ನಮ್ಮ ಆಯಂದಿರ ವಖಾರಿಯಲ್ಲಿ ತಯಾರಾದದ್ದು.

ಇವರ ಬಗ್ಗೆ ನನಗೆ ಗೌರವವಿದೆ. ಆದರೂ ಒಂದು ಮಾತು ಹೇಳಲೇಬೇಕು. ಚಿತ್ರ ಇಂದು ಬರ್ಲಿನ್ನಿನ ಆರ್ಸೆನಲ್ ಸಂಸ್ಥೆಯವರು ಕಾಪಾಡಿ ಹೊಸದಾಗಿ ಮಾಡಿದ ರೂಪದಲ್ಲಿ ಸಿಗುತ್ತದೆ. ಪುಸ್ತಕ ಇಂಗ್ಲಿಷಿನಲ್ಲಿ ಇದೆ. ಹೇಗ್, ಬರ್ಲಿನ್, ದೆಹಲಿ, ಮುಂಬಯಿ. ಇವರಿಬ್ಬರೂ ಕದ್ದುಕೊಂಡು ಹೋದವರಲ್ಲ, ಚಳವಳಿಯ ಒಳಗೆ ನಿಂತು ಮಾಡಿದವರು. ವಾಪಸು ತರುವ ಹೊಣೆ ಇದ್ದದ್ದು ನಮ್ಮ ಸುತ್ತಲಿನ ವಿಶ್ವವಿದ್ಯಾಲಯಗಳಿಗೆ, ಕಾಲೇಜುಗಳಿಗೆ, ನನ್ನಂಥ ಅಧ್ಯಾಪಕರಿಗೆ. ಚಿಕ್ಕೋಡಿ ಸೀಮೆಯಲ್ಲಿ ಇಷ್ಟು ವರ್ಷ ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಚರಿತ್ರೆ ಕಲಿಸಿದ ನಾವು ಎಷ್ಟು ಜನ ಆ ಪುಸ್ತಕವನ್ನು ಕೈಯಲ್ಲಿ ಹಿಡಿದೆವು? ನಾನು ಹಿಡಿದದ್ದು ಎಂ.ಎ. ಮುಗಿದು ಹದಿನೈದು ವರ್ಷದ ಮೇಲೆ, ಪುಣೆಯ ಗೆಳೆಯನ ಮನೆಯಲ್ಲಿ.

ದೇವದಾಸಿ ಪ್ರಶ್ನೆಯಲ್ಲಿ ಈ ವಾಪಸಿನ ವಿಚಾರ ಇನ್ನೂ ಚುರುಕಾಗಿ ಕಾಣುತ್ತದೆ. 1975ರಲ್ಲಿ ಗಡಿಂಗ್ಲಜದಲ್ಲಿ, 1980ರಲ್ಲಿ ನಿಪ್ಪಾಣಿಯಲ್ಲಿ ದೇವದಾಸಿಯರ ಪರಿಷತ್ತುಗಳಾದವು. ಬಾಬಾ ಆಢಾವ ಅವರಂಥ ಸತ್ಯಶೋಧಕ ಪರಂಪರೆಯವರು, ಪ್ರಾ. ವಿಠ್ಠಲ ಬನ್ನೆಯವರಂಥ ಮೇಷ್ಟ್ರುಗಳು ಇದರಲ್ಲಿ ದುಡಿದರು. ಗೇಲ್ ಓಮ್‌ವೆಟ್ 1983ರಲ್ಲಿ 'ಮಾನುಷಿ' ಪತ್ರಿಕೆಯಲ್ಲಿ ಈ ಹೋರಾಟದ ಮೇಲೆ ಬರೆದರು. ಅಮೆರಿಕದಲ್ಲಿ ಹುಟ್ಟಿ, ಮಹಾತ್ಮಾ ಫುಲೆಯ ಚಳವಳಿಯ ಮೇಲೆ ಪ್ರಬಂಧ ಬರೆದು, ಸಾಂಗಲಿಯ ಕಾಸೇಗಾಂವದಲ್ಲಿ ಸೊಸೆಯಾಗಿ ನೆಲೆನಿಂತ ಆಕೆ ವಿದ್ವತ್ತನ್ನೂ ಮೆರವಣಿಗೆಯನ್ನೂ ಬೇರೆಬೇರೆ ಇಟ್ಟವಳಲ್ಲ. ಇತ್ತ ಕರ್ನಾಟಕದಲ್ಲಿ 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಬಂತು. ದಲಿತ ಸಂಘರ್ಷ ಸಮಿತಿಯೂ ಮೇಷ್ಟ್ರುಗಳು ಕಟ್ಟಿದ್ದೇ ಎಂಬುದನ್ನು ಇಲ್ಲಿ ನೆನೆಯಬೇಕು; ಭದ್ರಾವತಿಯ ಬಿ. ಕೃಷ್ಣಪ್ಪನವರು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದವರು. ಸಮಿತಿಯ ಅಧ್ಯಯನ ಶಿಬಿರಗಳಲ್ಲಿ ಕಲಿತಷ್ಟನ್ನು ನಾನು ಯಾವ ಪುನಶ್ಚೇತನ ಶಿಬಿರದಲ್ಲೂ ಕಲಿಯಲಿಲ್ಲ. ಆದರೆ ಪುನಶ್ಚೇತನ ಶಿಬಿರದ ಸರ್ಟಿಫಿಕೇಟು ಬಡ್ತಿಗೆ ಬಂತು, ಅಧ್ಯಯನ ಶಿಬಿರದ್ದು ಇಂಟೆಲಿಜೆನ್ಸಿನವರ ಡೈರಿಗೆ ಹೋಯಿತು.

ಸರ್ಕಾರ ಎಣಿಸಿತು. 1993-94ರ ಸರ್ವೇಕ್ಷಣೆಯಲ್ಲಿ ರಾಜ್ಯದಲ್ಲಿ 22,873 ಮಂದಿ, 2007-08ರ ಎಣಿಕೆ ಸೇರಿದಾಗ 46,660. ಕಾಯ್ದೆ ಬಂದ ಮೇಲೆ ಲೆಕ್ಕ ಕಡಿಮೆಯಾಗಬೇಕಿತ್ತಲ್ಲ, ಹೇಗೆ ಬೆಳೆಯಿತು ಎಂದರೆ, ಮೊದಲ ಸಲ ಕೇಳಿದವರಿಗೆ ಹೇಳದಿದ್ದವರು ಬಹಳ ಇದ್ದರು. ಯಾರು ಕೇಳುತ್ತಾರೆ ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ. ಇದನ್ನು ತಿಳಿದವರು ಆ ಹೆಂಗಸರೇ. 1990ರ ದಶಕದ ಮೊದಲಲ್ಲಿ ಮೈರಾಡ ಸಂಸ್ಥೆಯೂ ಮಹಿಳಾ ಅಭಿವೃದ್ಧಿ ನಿಗಮವೂ ಕೂಡಿ ಬೆಳಗಾವಿ ಜಿಲ್ಲೆಯಲ್ಲಿ ಸುರು ಮಾಡಿದ ಕೆಲಸದಿಂದ, 1997ರಲ್ಲಿ ಘಟಪ್ರಭಾದಲ್ಲಿ ದೇವದಾಸಿಯರದೇ ಆದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಎಲ್ಲರೂ 'ಮಾಸ್' ಎನ್ನುವುದು, ಎದ್ದು ನಿಂತಿತು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಚಿಕ್ಕೋಡಿ ತಾಲೂಕಿನ ಕಬ್ಬೂರಿನವರು. ಏಳನೇ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡವರು, 2018ರಲ್ಲಿ ಪದ್ಮಶ್ರೀ ಪಡೆದರು. ಯಾವ ಮನೆಯಲ್ಲಿ ಯಾವ ಮಗುವಿಗೆ ಗುಟ್ಟಾಗಿ ಮುತ್ತು ಕಟ್ಟುವ ತಯಾರಿ ನಡೆದಿದೆ ಎಂಬುದನ್ನು ಮೂಗಿನ ವಾಸನೆಯಿಂದಲೇ ಹಿಡಿಯುವ ಸದಸ್ಯೆಯರು ಆ ಸಂಸ್ಥೆಯ ಬಲ. ಇದು ಯಾವ ಸಂಶೋಧನಾ ವಿಧಾನ? ನಮ್ಮ ಪಿಎಚ್.ಡಿ. ಕೋರ್ಸ್‌ವರ್ಕಿನಲ್ಲಿ ಇದಕ್ಕೆ ಹೆಸರಿಲ್ಲ.

ಈಗ ನನ್ನ ತಪ್ಪಿನ ಕತೆ. ಹೊಸದಾಗಿ ಕೆಲಸಕ್ಕೆ ಸೇರಿದ್ದ ದಿನಗಳು. ರಾಯಬಾಗ ತಾಲೂಕಿನ ಒಂದು ಹಳ್ಳಿಯಲ್ಲಿ ಎನ್.ಎಸ್.ಎಸ್. ಶಿಬಿರ. ಏಳು ದಿನ, ಐವತ್ತು ಹುಡುಗರು, ಬೆಳಿಗ್ಗೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಮನರಂಜನೆ. ನಾನು ಹುಮ್ಮಸ್ಸಿನಿಂದ ಒಂದು ಪ್ರಶ್ನಾವಳಿ ತಯಾರಿಸಿ ಹುಡುಗರ ಕೈಗೆ ಕೊಟ್ಟು ಕೇರಿಗೆ ಕಳಿಸಿದೆ. ಮೊದಲ ಪ್ರಶ್ನೆ: ಕುಟುಂಬದ ಯಜಮಾನನ ಹೆಸರು. ಎರಡನೆಯದು: ಮಕ್ಕಳ ತಂದೆಯ ಹೆಸರು. ಹಲವು ಮನೆಗಳಲ್ಲಿ ಹೆಂಗಸರು ತಮ್ಮದೇ ಹೆಸರು ಹೇಳಿದರಂತೆ. ಹುಡುಗರು ಅಲ್ಲಿ 'ಅನ್ವಯಿಸುವುದಿಲ್ಲ' ಎಂದು ಬರೆದರು. ಎರಡನೆಯದಕ್ಕೆ ಒಬ್ಬಾಕೆ ಬಾಗಿಲು ಹಾಕಿಕೊಂಡಳು. ನಾನು ಆ ಹಾಳೆಗಳಿಂದ ಕೋಷ್ಟಕ ಮಾಡಿದೆ, ವಿಚಾರ ಸಂಕಿರಣದಲ್ಲಿ ಓದಿದೆ, ಚಪ್ಪಾಳೆ ಸಿಕ್ಕಿತು. ವಖಾರಿಯ ಹೆಂಗಸಿನ ಮೊಮ್ಮಗನೇ ನಾನು. ಕೇರಿಯಲ್ಲಿ ಹುಟ್ಟಿದವನಿಗೆ ಕೇರಿ ತಾನಾಗಿ ತಿಳಿದಿರುತ್ತದೆ ಎಂಬ ಭ್ರಮೆ ನನಗಿತ್ತು. ಪದವಿ ಬಂದ ಕೂಡಲೇ ಕೈಗೆ ಫಾರ್ಮು ಬರುತ್ತದೆ, ಫಾರ್ಮು ಬಂದ ಕೂಡಲೇ ಕಣ್ಣು ಬದಲಾಗುತ್ತದೆ.

ತಂದೆಯ ಹೆಸರಿನ ಆ ಕಲಂ ಸಣ್ಣ ವಿಷಯವಲ್ಲ. ಶಾಲೆಯ ದಾಖಲೆ, ಜಾತಿ ಪ್ರಮಾಣಪತ್ರ, ಹಾಸ್ಟೆಲ್ ಅರ್ಜಿ, ಸ್ಕಾಲರ್‌ಶಿಪ್ಪು, ಎಲ್ಲ ಕಡೆ ಅದು ದೇವದಾಸಿಯರ ಮಕ್ಕಳ ಕುತ್ತಿಗೆ ಹಿಡಿಯಿತು. ದೇವದಾಸಿ ಮಹಿಳೆಯರ, ಅವರ ಮಕ್ಕಳ ಸಂಘಟನೆಗಳು ವರ್ಷಗಟ್ಟಲೆ ಬೀದಿಯಲ್ಲಿ ಕೂತು ಕೇಳಿದ್ದು ಇದನ್ನು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಒಂದು ಅಧ್ಯಯನ ಕೇಂದ್ರ 2018ರ ಹೊತ್ತಿಗೆ ಹೊಸ ಕಾನೂನಿನ ಕರಡು ಸಿದ್ಧಮಾಡಿತು. 2025ರಲ್ಲಿ ರಾಜ್ಯದ ಶಾಸನಸಭೆ ಹೊಸ ದೇವದಾಸಿ ಮಸೂದೆಯನ್ನು ಒಪ್ಪಿತು: ತಂದೆಯ ಹೆಸರು ಹೇಳೆಂದು ಮಗುವನ್ನು ಯಾರೂ ಒತ್ತಾಯಿಸುವಂತಿಲ್ಲ; ಬೇಕೆಂದರೆ ತಂದೆಯನ್ನು ಗುರುತಿಸಿ ಹಕ್ಕು ಕೇಳಲು ದಾರಿಯೂ ಇದೆ. ವಿಶ್ವವಿದ್ಯಾಲಯವೊಂದರ ಬರಹ ಕೇರಿಗೆ ಕಾನೂನಾಗಿ ತಿರುಗಿ ಬಂದ ಅಪರೂಪದ ನಿದರ್ಶನ ಇದು. ಏಳು ವರ್ಷ ಕಪಾಟಿನಲ್ಲಿ ಕೂತದ್ದು ಬೇರೆ. ಅದನ್ನು ಕಪಾಟಿನಿಂದ ಎಳೆದವರು ಪ್ರಾಧ್ಯಾಪಕರಲ್ಲ, ಧರಣಿ ಕೂತ ತಾಯಂದಿರು.

ಅಥಣಿಯದು ಇನ್ನೊಂದು ಬಗೆ. ಕೊಲ್ಲಾಪುರಿ ಚಪ್ಪಲಿ ಎಂದು ಜಗತ್ತು ಕರೆಯುವುದರಲ್ಲಿ ದೊಡ್ಡ ಪಾಲು ಅಥಣಿ, ನಿಪ್ಪಾಣಿ, ಮದಭಾವಿ ಕಡೆಯ ಸಮಗಾರರದು. ಜಾಲಿಯ ತೊಗಟೆ, ಅಳಲೆಕಾಯಿ ಹಾಕಿ ತೊಗಲು ಹದ ಮಾಡುವುದು, ಗಂಡಸರು ಕೊಯ್ದು ಅಟ್ಟೆ ಕಟ್ಟಿದರೆ ಹೆಂಗಸರು ಹೆಣೆಯುವುದು. ಇದರೊಳಗೆ ರಸಾಯನಶಾಸ್ತ್ರ ಇದೆ, ಅಂಗರಚನೆ ಇದೆ, ಲೆಕ್ಕ ಇದೆ. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ 1948ರಿಂದ ಇದೆ. 1990ರ ದಶಕದ ಕೊನೆಗೆ ಅಥಣಿಯ ಕುಶಲಿಗಳ ಗುಂಪುಗಳು 'ಟೋಹೋಲ್ಡ್' ಹೆಸರಿನಲ್ಲಿ ಹೊರದೇಶಕ್ಕೂ ಮಾರಿದವು. 2019ರ ಹೊತ್ತಿಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಸೇರಿ ಎಂಟು ಜಿಲ್ಲೆಗಳಿಗೆ ಭೌಗೋಳಿಕ ಗುರುತು ಸಿಕ್ಕಿತು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದಲ್ಲಿ ಅದೇ ಮಾದರಿಯ ಚಪ್ಪಲಿ ತೋರಿಸಿ ನಮ್ಮ ಹೆಸರು ಹೇಳದಿದ್ದಾಗ ದೇಶವೆಲ್ಲ ಕೂಗಿತು. ಪ್ರಾಡಾ ಹೆಸರು ಹೇಳಲಿಲ್ಲ ಎಂದು ಸಿಟ್ಟಾದವರನ್ನು ನಾನೊಂದು ಮಾತು ಕೇಳುತ್ತೇನೆ: ನಮ್ಮ ಸೀಮೆಯ ರಸಾಯನಶಾಸ್ತ್ರದ ಪಾಠದಲ್ಲಿ ಟ್ಯಾನಿನ್ ಎಂಬ ಶಬ್ದ ಬಂದಾಗ ಸಮಗಾರ ಓಣಿಯ ಹೆಸರು ಬರುತ್ತದೆಯೆ? ಹದಿನೈದು ನಿಮಿಷ ನಡೆದರೆ ಸಿಗುವ ಪ್ರಯೋಗಾಲಯಕ್ಕೆ ಒಂದು ಬ್ಯಾಚನ್ನಾದರೂ ಕರೆದುಕೊಂಡು ಹೋದವರೆಷ್ಟು? ವಾಸನೆ ಬರುತ್ತದೆ ಎಂದು ಮೂಗು ಮುಚ್ಚಿದ್ದು ಮಿಲಾನಿನವರಲ್ಲ.

ಈಗಿನ ಯೋಜನೆಗಳ ಬಗ್ಗೆ ಸ್ವಲ್ಪ. ಎನ್.ಎಸ್.ಎಸ್. 1969ರದು. 2014ರಿಂದ ಉನ್ನತ ಭಾರತ ಅಭಿಯಾನ, ಅದರಲ್ಲಿ ಪ್ರತಿ ಸಂಸ್ಥೆ ಐದು ಹಳ್ಳಿಗಳನ್ನು 'ದತ್ತು' ತೆಗೆದುಕೊಳ್ಳಬೇಕು. ಇತ್ತೀಚೆಗೆ ಯುಜಿಸಿಯ ಸಮುದಾಯ ಸಂಪರ್ಕದ ಕೋರ್ಸು, ಎರಡು ಕ್ರೆಡಿಟ್ಟು. ನ್ಯಾಕ್ ತಂಡ ಬಂದಾಗ ತೋರಿಸಲು ಫೋಟೋ, ಬ್ಯಾನರು, ಗ್ರಾಮ ಪಂಚಾಯತಿಯ ಪತ್ರ. ಅಧ್ಯಾಪಕರನ್ನೇ ಪೂರ್ತಿ ಬೈಯುವುದೂ ಸರಿಯಲ್ಲ. ಅತಿಥಿ ಉಪನ್ಯಾಸಕನಿಗೆ ಮುಂದಿನ ವರ್ಷದ ಕೆಲಸದ ಖಾತ್ರಿ ಇಲ್ಲ, ಕಾಯಂ ಇದ್ದವನಿಗೆ ಅಂಕ ಬರುವುದು ಜರ್ನಲ್ಲಿನ ಲೇಖನಕ್ಕೆ. ಕೇರಿಯಲ್ಲಿ ಮೂರು ವರ್ಷ ಕೂತದ್ದಕ್ಕೆ ಅಂಕ ಕೊಡುವ ಕೋಷ್ಟಕ ಎಲ್ಲೂ ಇಲ್ಲ. ಆದರೆ 'ದತ್ತು' ಎಂಬ ಶಬ್ದವನ್ನು ನಾನು ಒಪ್ಪಲಾರೆ. ದತ್ತು ತೆಗೆದುಕೊಳ್ಳುವವನು ತಂದೆಯಾಗುತ್ತಾನೆ. ಮಗುವಿಗೆ ತನ್ನ ಹೆಸರು ಕೊಡುತ್ತಾನೆ. ತಂದೆಯ ಹೆಸರಿನ ಕಲಂ ಅಳಿಸಲು ಇಷ್ಟು ವರ್ಷ ಹೋರಾಡಿದ ಜನರ ಊರಿಗೆ ವಿಶ್ವವಿದ್ಯಾಲಯ ತಂದೆಯಾಗಿ ಬರುತ್ತದಂತೆ!

ಅಧ್ಯಾಪಕರಿಗೆ ತರಬೇತಿ ಬೇಕು, ನಿಜ. ಅದನ್ನು ಯಾರು ಕೊಡುವುದು ಎಂಬಲ್ಲಿ ನನ್ನ ತಕರಾರು. ನಿಪ್ಪಾಣಿಯ ಮೇಷ್ಟ್ರುಗಳನ್ನು ತಯಾರು ಮಾಡಿದ್ದು ವಖಾರಿಯ ಸಭೆ. ಆ ಸಭೆಯಲ್ಲಿ ತಪ್ಪು ಹೇಳಿದರೆ ಅಲ್ಲೇ ತಿದ್ದುತ್ತಿದ್ದರು, ಬೇಡವಾದರೆ ಎದ್ದು ಹೋಗುತ್ತಿದ್ದರು. ಎದ್ದು ಹೋಗುವ ಆ ಹಕ್ಕು ಪ್ರಶ್ನಾವಳಿಯಲ್ಲಿ ಇರುವುದಿಲ್ಲ.

ನನಗೂ ಅಂಥದೊಂದು ಸಭೆ ಸಿಕ್ಕಿತು, ತಡವಾಗಿ. ಕೆಲವು ವರ್ಷದ ಹಿಂದೆ ಅದೇ ರಾಯಬಾಗ ತಾಲೂಕಿನ ಹಳ್ಳಿಗೆ ಮೂರು ಜನ ವಿದ್ಯಾರ್ಥಿಗಳೊಂದಿಗೆ ಹೋದೆ. ಈ ಸಲ ಬರೆದದ್ದನ್ನು ಓದಿ ಹೇಳುವುದೆಂದು ಮೊದಲೇ ಕರಾರು. ಸಂಜೆ ಸಮುದಾಯ ಭವನದ ಹೊರಗೆ ಹದಿನೆಂಟು-ಇಪ್ಪತ್ತು ಹೆಂಗಸರು ಕೂತರು. ಒಬ್ಬ ವಿದ್ಯಾರ್ಥಿನಿ ಓದಲು ಸುರು ಮಾಡಿದಳು: 'ಈ ಗ್ರಾಮದಲ್ಲಿ ದೇವರಿಗೆ ಬಿಡಲ್ಪಟ್ಟ ಮಹಿಳೆಯರ...' ಮುಂದಕ್ಕೆ ಹೋಗಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಮುದುಕಿ, 'ನಿಲ್ಲವಾ. ಬಿಡಲ್ಪಟ್ಟ ಅಂದ್ರ? ಬಿಟ್ಟಾವ ಯಾರಂತ ಬರದೀಯೇನ?' ಎಂದಳು. ಹುಡುಗಿ ನನ್ನ ಮುಖ ನೋಡಿದಳು. ನಾನು ಹಾಳೆ ನೋಡಿದೆ. ಬರೆದಿರಲಿಲ್ಲ. ನಮ್ಮ ಇಡೀ ವರದಿಯಲ್ಲಿ ಆ ಕ್ರಿಯಾಪದಕ್ಕೆ ಕರ್ತೃವೇ ಇರಲಿಲ್ಲ.

ಆಮೇಲೆ ಅವರೇ ಹೇಳುತ್ತ ಹೋದರು. ಯಾವ ಬರಗಾಲದ ವರ್ಷ, ಯಾರ ಸಾಲ, ಯಾವ ಗೌಡರ ಮನೆಯ ಮಾತು, ಪೂಜಾರಿಗೆ ಎಷ್ಟು, ಸೀರೆ ತಂದವರು ಯಾರು, ತಾಯಿ ಅತ್ತಳೋ ಇಲ್ಲವೋ. ಒಬ್ಬಳು ಹೇಳಿದರೆ ಇನ್ನೊಬ್ಬಳು ಇಸವಿ ತಿದ್ದುತ್ತಿದ್ದಳು. ಕೆಲವು ಹೆಸರುಗಳನ್ನು ಹೇಳಿ, 'ಇದನ್ನ ಬರೀಬ್ಯಾಡ, ನಿನಗ ಗೊತ್ತಿರಲಿ' ಎಂದರು. ಬರೆಯಲಿಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ಎರಡೇ ಪುಟ ಮುಗಿದಿತ್ತು, ಅದೂ ಪೂರ್ತಿ ಗೀಚಿ ಹೋಗಿತ್ತು. ಉಳಿದದ್ದು ಯಾವಾಗ ಎಂದು ಕೇಳಿದೆ. ಕಬ್ಬಿನ ಸುಗ್ಗಿ ಹತ್ತಿತ್ತು, ಬೆಳಗ್ಗೆ ನಾಲ್ಕಕ್ಕೆ ಟ್ರ್ಯಾಕ್ಟರು ಬರುತ್ತದೆ. ಮುದುಕಿ ಸೆರಗು ಕೊಡವಿ ಎದ್ದು, ಅಮಾಸಿ ಕಳದ ಮ್ಯಾಲ ಬಾ, ಆ ಹುಡುಗಿನ್ನೂ ಕರಕೊಂಡ ಬಾ, ಓದೂದು ಚಲೋ ಓದತಾಳ ಎಂದಳು.